ಯಲ್ದೂರಿನಿಂದ ಕಾಶಿಗೆ: ಕಡಿಮೆ ಖರ್ಚಿನಲ್ಲಿ ದೂರದ ರೈಲು ಪ್ರಯಾಣ

ಹಿಂದಿನ ಕಾಲದಲ್ಲಿ ಕಾಶಿಗೆ ಹೊರಟವರು ಸಾಲಸೋಲಗಳನ್ನೆಲ್ಲ ತೀರಿಸಿ, ನೆಂಟರಿಷ್ಟರನ್ನು ಕಂಡು, ‘ಬದುಕಿ ಬಂದರೆ ನೋಡೋಣ’ ಎಂದು ಹೇಳಿ ಮನೆ ಬಿಡುತ್ತಿದ್ದರೆಂದು ಹಿರಿಯರ ಮಾತು. ರೈಲು ಬಂದಮೇಲೆ ಆ ಭಯ ತೊಲಗಿತು. ತಿಂಗಳುಗಟ್ಟಲೆಯ ಹಾದಿ ಎರಡು ಹಗಲು, ಎರಡು ರಾತ್ರಿಗಳಿಗೆ ಇಳಿಯಿತು. ಆದರೆ ಭಯವೆಂಬುದು ಮನೆಯನ್ನು ಪೂರ್ತಿಯಾಗಿ ಬಿಟ್ಟುಹೋಗಲಿಲ್ಲ. ವೇಷ ಬದಲಿಸಿಕೊಂಡು ಬಂದು ಜಗಲಿಯಲ್ಲಿ ಕುಳಿತಿದೆ. ಈಗ ಅದರ ಹೆಸರು ‘ಟಿಕೆಟು’.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಯಲ್ದೂರು ಒಂದು ಹೋಬಳಿಯ ಊರು. ಸುತ್ತ ಮಾವಿನ ತೋಪುಗಳ ಸೀಮೆ. ಬೆಂಗಳೂರಿನಲ್ಲಿ ಮನೆ ಮಾಡಿಕೊಂಡಿರುವ ವಾಚಕರಲ್ಲಿ ಅನೇಕರಿಗೆ ಇಂಥದೊಂದು ಊರು, ಆ ಊರಿನಲ್ಲಿ ಕಾಶಿಯ ಕನಸು ಕಾಣುವ ಒಬ್ಬ ಅಜ್ಜಿ ಇದ್ದೇ ಇರುತ್ತಾರೆ. ಅಜ್ಜ, ಅಜ್ಜಿ, ಮಗ, ಸೊಸೆ, ಎಂಟು ವರ್ಷದ ಒಬ್ಬ ಮೊಮ್ಮಗ, ಹೀಗೆ ಐವರ ಸಂಸಾರವೊಂದನ್ನು ಇಲ್ಲಿ ಕಲ್ಪಿಸಿಕೊಳ್ಳೋಣ. ಕೈಯಲ್ಲಿರುವ ಹಣ ಮಿತವಾದದ್ದು. ಹಿರಿಯರ ದೇಹಶಕ್ತಿಯೂ ಮಿತವಾದದ್ದು. ಮೊದಲನೆಯದನ್ನು ಉಳಿಸಲು ಹೋಗಿ ಎರಡನೆಯದನ್ನು ಕಳೆದುಕೊಂಡರೆ ಯಾತ್ರೆಯ ಫಲವೇನು? ಎಲ್ಲಕ್ಕಿಂತ ಕಡಿಮೆ ಬೆಲೆಯ ಟಿಕೆಟೇ ಅಗ್ಗದ ಟಿಕೆಟಲ್ಲ. ಮಲಗಲು ಒಂದು ಹಲಗೆಯನ್ನು ಖಚಿತವಾಗಿ ಕೊಡುವ ಟಿಕೆಟುಗಳಲ್ಲಿ ಕಡಿಮೆ ಬೆಲೆಯದೇ ನಿಜವಾಗಿ ಅಗ್ಗವಾದದ್ದು. ಅದನ್ನು ದೊರಕಿಸಿಕೊಳ್ಳುವ ಉಪಾಯ ಹಣದಲ್ಲಿಲ್ಲ, ಮುಂದಾಲೋಚನೆಯಲ್ಲಿದೆ.

ನಮ್ಮ ಸೀಮೆಯ ರೈಲುದಾರಿ

ಬೆಂಗಳೂರು ದಂಡಿನ ಪ್ರದೇಶದಿಂದ ಜೋಲಾರ್‌ಪೇಟೆಗೆ ರೈಲು ಓಡಲಾರಂಭಿಸಿದ್ದು 1864ರಲ್ಲಿ. ಮಾಲೂರು, ಬಂಗಾರಪೇಟೆಗಳು ಆ ದಾರಿಯ ಮೇಲಿವೆ. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಿಂದ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಊರೇ ಈಗಿನ ಬಂಗಾರಪೇಟೆ. ಅಲ್ಲಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಮುಟ್ಟಿಕೊಂಡು ಚಿಕ್ಕಬಳ್ಳಾಪುರದ ಕಡೆಗೆ ಹೋಗುತ್ತಿದ್ದ ಸಂಸ್ಥಾನ ಕಾಲದ ಪುಟ್ಟ ರೈಲಿನ ಹಳಿಗಳ ನಡುವಣ ಅಂತರ 2 ಅಡಿ 6 ಅಂಗುಲ ಮಾತ್ರ. ದೊಡ್ಡ ಗಾಡಿಯ ಹಳಿಗಳ ಅಂತರವೋ 5 ಅಡಿ 6 ಅಂಗುಲ. ಒಂದರ ಗಾಡಿ ಇನ್ನೊಂದರ ಮೇಲೆ ಓಡುವಂತಿರಲಿಲ್ಲ.

ಹಂತಹಂತವಾಗಿ ನಡೆದ ಹಳಿ ಬದಲಾವಣೆಯ ಕೆಲಸ 2013ರಲ್ಲಿ ಚಿಕ್ಕಬಳ್ಳಾಪುರದವರೆಗೆ ಪೂರ್ಣಗೊಂಡಿತು. ಶ್ರೀನಿವಾಸಪುರದ ನಿಲ್ದಾಣದಲ್ಲಿ ಕಾಣುವ ಹಳಿಯೂ ಕಾಶಿಯಲ್ಲಿ ಕಾಣುವ ಹಳಿಯೂ ಈಗ ಒಂದೇ ಅಳತೆಯವು. ಆದರೂ ಈ ದಾರಿಯಲ್ಲಿ ಗಾಡಿಗಳು ಕೆಲವೇ. ಯಲ್ದೂರಿನವರು ದೂರದ ಪ್ರಯಾಣಕ್ಕೆ ಬಂಗಾರಪೇಟೆಯನ್ನೋ ಬೆಂಗಳೂರನ್ನೋ ಸೇರಬೇಕಾದದ್ದು ತಪ್ಪಿದ್ದಲ್ಲ. ಕಾಶಿಯ ಕಡೆಗೆ ಹೋಗುವ ಗಾಡಿಗಳಲ್ಲಿ ಸಂಘಮಿತ್ರ ಎಕ್ಸ್‌ಪ್ರೆಸ್ಸು ಹೆಸರಾದದ್ದು. ಅದು ಬೆಂಗಳೂರಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲಿನಿಂದ ಹೊರಟು ಬಿಹಾರದ ದಾನಾಪುರಕ್ಕೆ ಹೋಗುತ್ತದೆ. ಮೊಗಲ್‌ಸರಾಯ್ ಎಂದು ಪ್ರಸಿದ್ಧವಾಗಿದ್ದ, 2018ರಲ್ಲಿ ದೀನ್ ದಯಾಳ್ ಉಪಾಧ್ಯಾಯರ ಹೆಸರನ್ನು ಪಡೆದ ಜಂಕ್ಷನ್ನಿನಲ್ಲಿ ಇಳಿದು, 1887ರಲ್ಲಿ ಕಟ್ಟಿದ ಈಗಿನ ಮಾಳವೀಯ ಸೇತುವೆಯ ಮೇಲೆ ಗಂಗೆಯನ್ನು ದಾಟಿದರೆ ಕಾಶಿ. ಯಾವ ಗಾಡಿ ಯಾವ ಸಣ್ಣ ನಿಲ್ದಾಣದಲ್ಲಿ ನಿಲ್ಲುತ್ತದೆಂಬುದು ಆಗಾಗ ಬದಲಾಗುವ ವಿಷಯವಾದ್ದರಿಂದ, ಹೊರಡುವ ಮುನ್ನ ಆ ವರ್ಷದ ವೇಳಾಪಟ್ಟಿಯನ್ನು ನೋಡತಕ್ಕದ್ದು.

ಯಾವ ದರ್ಜೆ ಯಾರಿಗೆ?

ಮಹಾತ್ಮಾ ಗಾಂಧಿಯವರು ದಕ್ಷಿಣ ಆಫ್ರಿಕಾದಿಂದ ಮರಳಿದ ಮೇಲೆ ಮೂರನೆಯ ದರ್ಜೆಯಲ್ಲಿ ದೇಶವನ್ನು ಸುತ್ತಿ, ಅಲ್ಲಿಯ ಕೊಳೆ, ನೂಕುನುಗ್ಗಲುಗಳನ್ನು ಕುರಿತು 1917ರಲ್ಲಿ ಬರೆದರು. ಆ ಮೂರನೆಯ ದರ್ಜೆ 1974ರಲ್ಲಿ ರದ್ದಾಗಿ ಎರಡನೆಯ ದರ್ಜೆಯೆಂಬ ಹೆಸರನ್ನು ಪಡೆಯಿತು. ಹೆಸರು ಏರಿತು, ಹಲಗೆ ಮಾತ್ರ ಮರದ ಹಲಗೆಯಾಗಿಯೇ ಉಳಿಯಿತು. ಆ ಹಲಗೆಯ ಮೇಲೆ ಮೆತ್ತೆಯನ್ನು ಹಾಕಿಸಿದ ಕೀರ್ತಿ 1977ರಿಂದ 1979ರವರೆಗೆ ರೈಲ್ವೆ ಮಂತ್ರಿಗಳಾಗಿದ್ದ ಮಧು ದಂಡವತೆಯವರದು. ಬಡವನ ಬೆನ್ನಿಗೂ ನೋವುಂಟೆಂದು ರೈಲ್ವೆ ಒಪ್ಪಿಕೊಂಡ ಕಾಲವದು.

ಇಂದು ಮಿತವ್ಯಯದ ಪ್ರಯಾಣಿಕನ ಮುಂದೆ ಮುಖ್ಯವಾಗಿ ನಾಲ್ಕು ದಾರಿಗಳಿವೆ. ಮೊದಲನೆಯದು ಕಾಯ್ದಿರಿಸದ ಸಾಮಾನ್ಯ ಡಬ್ಬಿ. ಮೂರು ನಾಲ್ಕು ಗಂಟೆಯ ಹಗಲು ಪ್ರಯಾಣಕ್ಕೆ ಇದರಷ್ಟು ಅಗ್ಗವಾದದ್ದು ಬೇರೊಂದಿಲ್ಲ. 200 ಕಿಲೋಮೀಟರಿಗೆ ಮೀರಿದ ದೂರಕ್ಕೆ ಈ ಟಿಕೆಟನ್ನು ಮೂರು ದಿನ ಮೊದಲೇ ಕೊಳ್ಳಬಹುದು. ಆದರೆ ಟಿಕೆಟು ಕೈಗೆ ಬಂದಿತೆಂದರೆ ಜಾಗ ಸಿಕ್ಕಿತೆಂದಲ್ಲ. ಎರಡು ರಾತ್ರಿಯ ಹಾದಿಗೆ ಮುದುಕರನ್ನೂ ಮಕ್ಕಳನ್ನೂ ಅಲ್ಲಿ ಕೂಡಿಸುವುದು ಉಳಿತಾಯವಲ್ಲ, ದಂಡನೆ.

ಎರಡನೆಯದು ಸ್ಲೀಪರ್ ದರ್ಜೆ. ನಮ್ಮ ಮಧ್ಯಮ ವರ್ಗದ ಸಂಸಾರಗಳನ್ನು ದೇಶ ಸುತ್ತಿಸಿದ ದರ್ಜೆ ಇದೇ. ಮೂರನೆಯದು 2021ರಲ್ಲಿ ಬಂದ ಹವಾನಿಯಂತ್ರಿತ ಎಕಾನಮಿ ದರ್ಜೆ, ನಾಲ್ಕನೆಯದು ಮಾಮೂಲಿನ ಮೂರು ಅಂತಸ್ತಿನ ಹವಾನಿಯಂತ್ರಿತ ದರ್ಜೆ. ದೂರದ ಹಾದಿಯಲ್ಲಿ ಈ ನಾಲ್ಕನೆಯದರ ದರ ಸ್ಲೀಪರಿನ ಸುಮಾರು ಎರಡೂವರೆ ಪಟ್ಟಾಗುತ್ತದೆ. ಎಕಾನಮಿಯದು ಅದಕ್ಕಿಂತ ಕೊಂಚ ಕಡಿಮೆ, ಹಲಗೆಗಳು ಮಾತ್ರ ಕೊಂಚ ಒತ್ತೊತ್ತು.

ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ಹಣದ ಚೀಲವೊಂದೇ ನಿರ್ಧರಿಸಬಾರದು, ಋತುವೂ ನಿರ್ಧರಿಸಬೇಕು. ಮೇ ತಿಂಗಳ ಬಿಸಿಲಿನಲ್ಲಿ ನಾಗಪುರ, ಇಟಾರ್ಸಿಗಳನ್ನು ಹಾದುಹೋಗುವ ಸ್ಲೀಪರ್ ಡಬ್ಬಿ ಕಾದ ಕಾವಲಿಯಂತಾಗುತ್ತದೆ. ಡಿಸೆಂಬರು, ಜನವರಿಗಳಲ್ಲಿ ಉತ್ತರದ ಮಂಜು ಗಾಡಿಗಳನ್ನು ಗಂಟೆಗಟ್ಟಲೆ ತಡೆದು ನಿಲ್ಲಿಸುತ್ತದೆ. ಹಬ್ಬದ ಗಲಾಟೆ ಮುಗಿದ ನವೆಂಬರಿನಲ್ಲೋ, ಶಿವರಾತ್ರಿಯ ಜಂಗುಳಿಯ ದಿನಗಳನ್ನು ಬಿಟ್ಟು ಫೆಬ್ರವರಿಯಲ್ಲೋ ಹೊರಟರೆ ಕಂಬಳಿಯೊಂದಿಗೆ ಸ್ಲೀಪರ್ ದರ್ಜೆಯೇ ಸಾಕು. ಮಾವಿನ ಸುಗ್ಗಿಗೆ ಮುಂಚೆ ತೋಟದವರಿಗೂ ಬಿಡುವು. ಬೇಸಗೆಯ ರಜದಲ್ಲೇ ಹೋಗಬೇಕಾದರೆ ಹಿರಿಯರಿಗಾದರೂ ಹವಾನಿಯಂತ್ರಿತ ದರ್ಜೆಯನ್ನು ಕೊಡಿಸುವುದು ದುಂದಲ್ಲ.

ದರದ ಒಳಲೆಕ್ಕ

ರೈಲಿನ ದರಗಳು ಆಗಾಗ ಪರಿಷ್ಕಾರವಾಗುತ್ತವೆ. 2025ರ ಜುಲೈ 1ರಂದೂ ಕಿಲೋಮೀಟರಿಗೆ ಇಷ್ಟು ಪೈಸೆಯೆಂದು ಏರಿದವು. ಆದರೆ ಆ ಲೆಕ್ಕದ ಹಿಂದಿರುವ ಕ್ರಮ ಬದಲಾಗಿಲ್ಲ. ಅದನ್ನು ತಿಳಿದವನು ಹಣ ಉಳಿಸಬಲ್ಲ.

ಮೊದಲನೆಯ ಸೂತ್ರ: ದೂರ ಹೆಚ್ಚಾದಂತೆ ಕಿಲೋಮೀಟರಿನ ದರ ಇಳಿಯುತ್ತದೆ. ಸಾವಿರ ಕಿಲೋಮೀಟರಿನ ಒಂದು ಟಿಕೆಟು ಐನೂರು ಕಿಲೋಮೀಟರಿನ ಎರಡು ಟಿಕೆಟುಗಳಿಗಿಂತ ಅಗ್ಗ. ಆದ್ದರಿಂದ ಪ್ರಯಾಣವನ್ನು ತುಂಡು ಮಾಡಿ ಕೊಳ್ಳಬಾರದು.

ಎರಡನೆಯದು: ಮೇಲ್ ಮತ್ತು ಎಕ್ಸ್‌ಪ್ರೆಸ್ ಗಾಡಿಗಳ ಸ್ಲೀಪರ್ ದರ್ಜೆಗೆ ಕನಿಷ್ಠ 200 ಕಿಲೋಮೀಟರಿನ, ಮೂರು ಅಂತಸ್ತಿನ ಹವಾನಿಯಂತ್ರಿತ ದರ್ಜೆಗೆ ಕನಿಷ್ಠ 300 ಕಿಲೋಮೀಟರಿನ ದರವನ್ನು ತೆರಲೇಬೇಕು. ಬಂಗಾರಪೇಟೆಯಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರು. ಅಷ್ಟಕ್ಕೆ ಸ್ಲೀಪರ್ ಟಿಕೆಟು ಕೊಂಡವರು ಕಾಣದ 130 ಕಿಲೋಮೀಟರಿಗೂ ಹಣ ಕೊಟ್ಟಂತೆ.

ಮೂರನೆಯದು: ಗಾಡಿಯ ಐದಂಕಿಯ ಸಂಖ್ಯೆಯನ್ನು ಓದಲು ಕಲಿಯಬೇಕು. 12, 20, 22 ಎಂದು ಆರಂಭವಾಗುವವು ಅತಿವೇಗದ ಗಾಡಿಗಳು. ಇವಕ್ಕೆ ಸ್ಲೀಪರಿನಲ್ಲಿ 30 ರೂಪಾಯಿ, ಮೂರು ಅಂತಸ್ತಿನ ಹವಾನಿಯಂತ್ರಿತ ದರ್ಜೆಯಲ್ಲಿ 45 ರೂಪಾಯಿ ಅಧಿಕ ಶುಲ್ಕ. 2025ರ ಜುಲೈ ಪರಿಷ್ಕಾರದಲ್ಲಿ ಇದನ್ನು ಮುಟ್ಟಲಿಲ್ಲ. ದೂರದ ಪ್ರಯಾಣದಲ್ಲಿ ಇದು ಅಲ್ಪ. ಗಂಟೆಗಳು ಉಳಿಯುವುದಾದರೆ ಕೊಡಬಹುದು. ಸೊನ್ನೆಯಿಂದ ಆರಂಭವಾಗುವ ಸಂಖ್ಯೆ ವಿಶೇಷ ಗಾಡಿಯದು. ಹಬ್ಬದ ದಿನಗಳಲ್ಲಿ ಬಿಡುವ ಇಂಥ ಗಾಡಿಗಳಲ್ಲಿ ಅನೇಕಕ್ಕೆ ದರ ಹೆಚ್ಚು, ವೇಳೆಯ ಶಿಸ್ತು ಕಡಿಮೆ. ಬೇರೆ ಗತಿಯಿಲ್ಲದಾಗ ಮಾತ್ರ ಇವು.

ಅರವತ್ತು ದಿನಗಳ ಮಾತು

ಮೊದಲು 120 ದಿನ ಮುಂಚಿತವಾಗಿ ಟಿಕೆಟು ಕಾಯ್ದಿರಿಸಬಹುದಾಗಿತ್ತು. 2024ರ ನವೆಂಬರ್ 1ರಿಂದ ಈ ಅವಧಿ, ಪ್ರಯಾಣದ ದಿನವನ್ನು ಬಿಟ್ಟು, 60 ದಿನಗಳಿಗೆ ಇಳಿದಿದೆ. ಬೆಳಗ್ಗೆ ಎಂಟು ಗಂಟೆಗೆ ಬಾಗಿಲು ತೆರೆಯುತ್ತದೆ. ಜನಪ್ರಿಯ ಗಾಡಿಗಳಲ್ಲಿ ಆ ದಿನವೇ ಸ್ಥಳಗಳು ತುಂಬಿಹೋಗುವುದುಂಟು. ಆದ್ದರಿಂದ ಹೋಗುವ ದಿನ, ಮರಳುವ ದಿನ ಎರಡನ್ನೂ ಗೊತ್ತುಮಾಡಿ, ಎರಡಕ್ಕೂ ಅರವತ್ತು ದಿನ ಹಿಂದಕ್ಕೆ ಎಣಿಸಿ, ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಬೇಕು. ಹೋಗುವ ಟಿಕೆಟನ್ನು ಜೋಪಾನವಾಗಿ ಕೊಂಡು ಮರಳುವುದನ್ನು ಮರೆತ ಸಂಸಾರಗಳು ಕಾಶಿಯಲ್ಲಿ ವಿಶ್ವನಾಥನಿಗಿಂತ ಹೆಚ್ಚಾಗಿ ಟಿಕೆಟು ಕಿಟಕಿಯ ದರ್ಶನವನ್ನೇ ಪಡೆಯಬೇಕಾದೀತು.

ಇನ್ನೊಂದು ಸಣ್ಣ ಎಚ್ಚರಿಕೆ. ಮಧ್ಯರಾತ್ರಿ ಕಳೆದು ಹತ್ತು ನಿಮಿಷಕ್ಕೆ ಹೊರಡುವ ಗಾಡಿಯ ತಾರೀಖು ಮರುದಿನದ್ದು. ಹದಿನೈದನೆಯ ತಾರೀಖಿನ ಟಿಕೆಟು ಹಿಡಿದು ಹದಿನೈದರ ರಾತ್ರಿ ಊಟ ಮುಗಿಸಿ ನಿಲ್ದಾಣಕ್ಕೆ ಹೋದರೆ, ಗಾಡಿ ಹಿಂದಿನ ರಾತ್ರಿಯೇ ಹೋಗಿರುತ್ತದೆ.

ತತ್ಕಾಲ್ ಟಿಕೆಟುಗಳು ಗಾಡಿ ತನ್ನ ಮೊದಲ ನಿಲ್ದಾಣದಿಂದ ಹೊರಡುವ ಹಿಂದಿನ ದಿನ ಸಿಗುತ್ತವೆ: ಹವಾನಿಯಂತ್ರಿತ ದರ್ಜೆಗೆ ಬೆಳಗ್ಗೆ ಹತ್ತಕ್ಕೆ, ಉಳಿದುದಕ್ಕೆ ಹನ್ನೊಂದಕ್ಕೆ. 2025ರ ಜುಲೈನಿಂದ ಅಂತರ್ಜಾಲದಲ್ಲಿ ಇವನ್ನು ಕೊಳ್ಳಲು ಆಧಾರ್ ದೃಢೀಕರಣ ಬೇಕು. ಅಧಿಕ ಶುಲ್ಕ ತೆತ್ತೂ ಸಿಗುವ ಭರವಸೆಯಿಲ್ಲದ ಈ ಏರ್ಪಾಡನ್ನು ಆಪತ್ಕಾಲಕ್ಕೆ ಇಟ್ಟುಕೊಳ್ಳುವುದು ಲೇಸು.

ಕಾದಿರುವವರ ಪಟ್ಟಿ ಮತ್ತು ಒಂದು ಗುಟ್ಟು

ಸ್ಥಳವಿಲ್ಲದಾಗ ಕೊಡುವ ಟಿಕೆಟಿಗೆ ಕಾದಿರುವವರ ಪಟ್ಟಿಯಲ್ಲಿ ಒಂದು ಸಂಖ್ಯೆ ಬೀಳುತ್ತದೆ. ಈ ಪಟ್ಟಿ ಒಂದೇ ಅಲ್ಲ ಎಂಬುದು ಹಲವರಿಗೆ ತಿಳಿಯದು. ಗಾಡಿ ಹೊರಡುವ ಊರಿನಿಂದ ಕೊಂಡವರಿಗೆ ಸಾಮಾನ್ಯ ಪಟ್ಟಿ. ಅದಕ್ಕೆ ಮೀಸಲಾದ ಹಲಗೆಗಳು ಹೆಚ್ಚು, ಆದ್ದರಿಂದ ಪಟ್ಟಿ ಬೇಗ ಸರಿಯುತ್ತದೆ. ನಡುದಾರಿಯ ನಿಲ್ದಾಣಗಳಿಂದ ಕೊಂಡವರು ಹಲವು ಊರುಗಳಿಗೆ ಸೇರಿದ ಇನ್ನೊಂದು ಪಟ್ಟಿಗೆ ಬೀಳುತ್ತಾರೆ. ಅಲ್ಲಿ ಹಲಗೆಗಳು ಕಡಿಮೆ, ಚಲನೆ ಮಂದ. ಸಾಮಾನ್ಯ ಪಟ್ಟಿಯ ಇಪ್ಪತ್ತನೆಯ ಸಂಖ್ಯೆಗಿಂತ ಈ ಪಟ್ಟಿಯ ಹತ್ತನೆಯ ಸಂಖ್ಯೆ ಕೆಟ್ಟದ್ದಾಗಿರಬಹುದು.

ಚಿಕ್ಕ ಊರಿನವರಿಗೆ ಇಲ್ಲೊಂದು ನ್ಯಾಯವಾದ ಉಪಾಯವಿದೆ. ಗಾಡಿ ಬಂಗಾರಪೇಟೆಯಲ್ಲಿ ನಿಲ್ಲುವುದಾದರೆ, ಅಲ್ಲಿಂದ ಸ್ಥಳವಿಲ್ಲವೆಂದಾಗ ಬೆಂಗಳೂರಿನಿಂದಲೇ ಟಿಕೆಟು ಕೊಂಡು, ಹತ್ತುವ ನಿಲ್ದಾಣ ಬಂಗಾರಪೇಟೆ ಎಂದು ನಮೂದಿಸಬಹುದು. ಎಪ್ಪತ್ತು ಕಿಲೋಮೀಟರಿನ ಹೆಚ್ಚಿನ ದರ, ದೂರದ ಪ್ರಯಾಣದಲ್ಲಿ ಅಲ್ಪವೇ. ಆದರೆ ನಮೂದಿಸುವುದನ್ನು ಮರೆಯಬಾರದು. ಹೇಳದೆ ಹತ್ತದೇ ಉಳಿದವರ ಹಲಗೆಯನ್ನು ಪರೀಕ್ಷಕರು ಬೇರೆಯವರಿಗೆ ಕೊಟ್ಟುಬಿಡಬಹುದು.

ಕಾದಿರುವ ಟಿಕೆಟಿನಲ್ಲೇ ಹತ್ತಿ ‘ಹೇಗೋ ಹೊಂದಿಸಿಕೊಳ್ಳೋಣ’ ಎನ್ನುವ ಹಳೆಯ ಧೈರ್ಯ ಈಗ ಸಲ್ಲದು. ಅಂತರ್ಜಾಲದಲ್ಲಿ ಕೊಂಡ ಟಿಕೆಟಿನಲ್ಲಿ ಯಾರಿಗೂ ಸ್ಥಳ ದೊರೆಯದಿದ್ದರೆ, ಅಂತಿಮ ಪಟ್ಟಿ ಸಿದ್ಧವಾದಾಗ ಅದು ತಾನಾಗಿಯೇ ರದ್ದಾಗುತ್ತದೆ. ಕಿಟಕಿಯಲ್ಲಿ ಕೊಂಡದ್ದಾದರೆ ಕಾಯ್ದಿರಿಸಿದ ಡಬ್ಬಿಗೆ ಪ್ರವೇಶವಿಲ್ಲ, ಸಾಮಾನ್ಯ ಡಬ್ಬಿಯೇ ಗತಿ. ನಡುರಾತ್ರಿ ಅಪರಿಚಿತ ನಿಲ್ದಾಣದಲ್ಲಿ ವೃದ್ಧರನ್ನು ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಇಳಿಸಿ ಹತ್ತಿಸಬೇಕಾದ ಸಂಕಟವನ್ನು ನೆನೆದರೆ ಅರವತ್ತು ದಿನಗಳ ಮುಂದಾಲೋಚನೆಯ ಬೆಲೆ ತಿಳಿಯುತ್ತದೆ. ಆರ್.ಎ.ಸಿ. ಟಿಕೆಟಿನ ಮಾತು ಬೇರೆ: ಅದರಲ್ಲಿ ಹತ್ತುವ ಹಕ್ಕುಂಟು, ಆದರೆ ಒಂದು ಹಲಗೆಯನ್ನು ಇಬ್ಬರು ಹಂಚಿಕೊಂಡು ಕುಳಿತಿರಬೇಕಾಗಬಹುದು, ದರ ಮಾತ್ರ ಪೂರ್ತಿ.

ಹಿರಿಯರು ಮತ್ತು ಮಕ್ಕಳು

ಅರವತ್ತು ತುಂಬಿದ ಗಂಡಸರಿಗೆ ನೂರಕ್ಕೆ 40, ಐವತ್ತೆಂಟು ತುಂಬಿದ ಹೆಂಗಸರಿಗೆ ನೂರಕ್ಕೆ 50 ರಿಯಾಯಿತಿ ಇದ್ದ ಕಾಲವೊಂದಿತ್ತು. ಸೋಂಕಿನ ಹಾವಳಿಯ ಆರಂಭದಲ್ಲಿ, 2020ರ ಮಾರ್ಚ್ 20ರಂದು, ಅದನ್ನು ತಡೆಹಿಡಿದರು. ಹಾವಳಿ ಹೋದರೂ ರಿಯಾಯಿತಿ ಮರಳಲಿಲ್ಲ. ನಮ್ಮ ಅಜ್ಜ ಅಜ್ಜಿಯರ ಇಬ್ಬರ ಟಿಕೆಟಿನಲ್ಲಿ ಹೆಚ್ಚುಕಡಮೆ ಒಬ್ಬರ ದರವೇ ಉಳಿಯುತ್ತಿದ್ದ ಸೌಲಭ್ಯವದು. ಪಿಂಚಣಿಯಿಲ್ಲದ ಮನೆಗಳಲ್ಲಿ ಎಷ್ಟು ಯಾತ್ರೆಗಳು ‘ಮುಂದಿನ ವರ್ಷ’ಕ್ಕೆ ಸರಿದವೋ ಯಾರು ಬಲ್ಲರು?

ಉಳಿದಿರುವ ಒಂದು ಅನುಕೂಲವನ್ನಾದರೂ ಬಳಸಿಕೊಳ್ಳಬೇಕು. ಅರವತ್ತು ಮೀರಿದ ಗಂಡಸರಿಗೂ ನಲವತ್ತೈದು ಮೀರಿದ ಹೆಂಗಸರಿಗೂ ಗರ್ಭಿಣಿಯರಿಗೂ ಪ್ರತಿ ಡಬ್ಬಿಯಲ್ಲಿ ಕೆಲವು ಕೆಳಗಿನ ಹಲಗೆಗಳು ಮೀಸಲು. ಆದರೆ ಇದು ಅಂಥವರು ಒಬ್ಬರೋ ಇಬ್ಬರೋ ಮಾತ್ರ ಇರುವ ಟಿಕೆಟಿಗೆ ಸಲ್ಲುತ್ತದೆ. ಐವರ ಹೆಸರನ್ನೂ ಒಂದೇ ಟಿಕೆಟಿನಲ್ಲಿ ಸೇರಿಸಿದರೆ ಈ ಮೀಸಲು ತಪ್ಪಿ, ಅಜ್ಜಿಗೆ ಮೇಲಿನ ಹಲಗೆ ಬಂದರೂ ಬಂದೀತು. ಅಜ್ಜ ಅಜ್ಜಿಯರಿಗೆ ಪ್ರತ್ಯೇಕ ಟಿಕೆಟು, ಉಳಿದ ಮೂವರಿಗೆ ಇನ್ನೊಂದು, ಹೀಗೆ ಮಾಡುವುದೇ ಜಾಣತನ. ಡಬ್ಬಿ ಬೇರೆಯಾದರೂ ಹಗಲಿನಲ್ಲಿ ಹೋಗಿ ಮಾತಾಡಿಸಬಹುದು; ರಾತ್ರಿ ಮೊಣಕಾಲು ನೋವಿನವರು ಏಣಿ ಹತ್ತಲಾರರು.

ಐದು ವರ್ಷದೊಳಗಿನ ಮಗುವಿಗೆ ಬೇರೆ ಹಲಗೆ ಬೇಡವಾದರೆ ದರವಿಲ್ಲ. ಐದರಿಂದ ಹನ್ನೆರಡರೊಳಗಿನ ಮಕ್ಕಳಿಗೆ ಹಲಗೆ ಬೇಡವೆಂದರೆ ಅರ್ಧ ದರ, ಬೇಕೆಂದರೆ 2016ರ ಏಪ್ರಿಲಿನಿಂದ ಪೂರ್ಣ ದರ. ಒಂದು ರಾತ್ರಿಯ ಹಾದಿಯಲ್ಲಿ ಎಂಟು ವರ್ಷದ ಹುಡುಗ ತಾಯಿಯ ಪಕ್ಕದಲ್ಲಿ ಮುದುಡಿಕೊಂಡಾನು. ಎರಡು ರಾತ್ರಿಯಾದರೆ ಪೂರ್ಣ ದರ ತೆರುವುದೇ ತಾಯಿಯ ಮೈಗೆ ಹಿತ.

ನಡುವೆ ಇಳಿಯುವ ಹಕ್ಕು

ದೂರದ ಟಿಕೆಟಿನಲ್ಲಿ ಅಡಗಿರುವ ಒಂದು ಹಕ್ಕನ್ನು ಈಗಿನವರು ಮರೆತೇಬಿಟ್ಟಿದ್ದಾರೆ. 500 ಕಿಲೋಮೀಟರಿಗೆ ಮೀರಿದ ಟಿಕೆಟಿನಲ್ಲಿ ಒಮ್ಮೆ, 1000 ಮೀರಿದುದರಲ್ಲಿ ಎರಡು ಬಾರಿ, ದಾರಿಯ ಊರಿನಲ್ಲಿ ಇಳಿದು ಎರಡು ದಿನ ತಂಗಿ ಅದೇ ಟಿಕೆಟಿನಲ್ಲಿ ಮುಂದುವರಿಯಬಹುದು. ಮೊದಲ 500 ಕಿಲೋಮೀಟರು ಕಳೆಯುವ ಮುನ್ನ ಇಳಿಯುವಂತಿಲ್ಲ. ಮುಂದಿನ ಗಾಡಿಯ ಸ್ಥಳವನ್ನು ಟಿಕೆಟು ಕೊಳ್ಳುವಾಗಲೇ ಕಾಯ್ದಿರಿಸಿಕೊಳ್ಳಬೇಕು. ಎರಡು ರಾತ್ರಿ ಎಡೆಬಿಡದೆ ಕುಲುಕಾಡಲಾರದ ಹಿರಿಯರಿಗೆ ನಾಗಪುರದಂಥ ಊರಿನಲ್ಲಿ ಒಂದು ದಿನದ ವಿಶ್ರಾಂತಿ ಔಷಧಕ್ಕೆ ಸಮ.

ಇನ್ನೂ ವಿಸ್ತಾರವಾದದ್ದು ಸುತ್ತುಪ್ರಯಾಣದ ಟಿಕೆಟು. ಹೊರಟ ಊರಿಗೇ ಬಂದು ಮುಗಿಯುವ ದಾರಿಯನ್ನು ನಾವೇ ರೂಪಿಸಿಕೊಳ್ಳಬಹುದು: ಬೆಂಗಳೂರಿನಿಂದ ಪ್ರಯಾಗ, ಕಾಶಿ, ಗಯೆ, ಕಲ್ಕತ್ತೆ, ಪುರಿ, ಚೆನ್ನೈಗಳ ಮೇಲೆ ಮತ್ತೆ ಬೆಂಗಳೂರು. ಎಂಟು ಕಡೆಯವರೆಗೆ ಇಳಿಯಲು ಅವಕಾಶವುಂಟು. ಒಟ್ಟು ದೂರವನ್ನು ಎರಡು ಪಾಲು ಮಾಡಿ, ಎರಡು ಟಿಕೆಟುಗಳ ದರವನ್ನಷ್ಟೇ ಹಾಕುವುದರಿಂದ ಬಿಡಿ ಟಿಕೆಟುಗಳಿಗಿಂತ ಬಹಳ ಉಳಿತಾಯ. ದಾರಿಯ ವಿವರವನ್ನು ಬರೆದು ದೊಡ್ಡ ನಿಲ್ದಾಣದ ಮೂಲಕವೋ ವಿಭಾಗದ ವಾಣಿಜ್ಯಾಧಿಕಾರಿಗಳಲ್ಲಿಯೋ ಅರ್ಜಿ ಹಾಕಬೇಕು. ನಮ್ಮ ಸೀಮೆ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಸೇರಿದೆ. ಆಮೇಲೆ ಪ್ರತಿ ಹಂತಕ್ಕೂ ಸ್ಥಳವನ್ನು ಕಾಯ್ದಿರಿಸಿಕೊಳ್ಳಬೇಕು. ಓಡಾಟ ಸ್ವಲ್ಪ ಉಂಟು, ಆದರೆ ಯಾತ್ರಾರ್ಥಿಗೆ ಓಡಾಟ ಹೊಸದೇ?

ಈ ಯಾವ ಗೊಡವೆಯೂ ಬೇಡವೆನ್ನುವವರಿಗೆ ಸರಕಾರದ ಯಾತ್ರಾ ಗಾಡಿಯ ಏರ್ಪಾಡು ಬಂದಿತು. ಬೆಂಗಳೂರಿನಿಂದ 2022ರ ನವೆಂಬರ್ 11ರಂದು ಮೊದಲ ಬಾರಿಗೆ ಹೊರಟ ಭಾರತ್ ಗೌರವ್ ಕಾಶಿ ದರ್ಶನದ ಗಾಡಿಯಲ್ಲಿ ತಲೆಗೆ 20,000 ರೂಪಾಯಿ ಗೊತ್ತಾಗಿ, ಅದರಲ್ಲಿ 5,000 ರೂಪಾಯಿಯನ್ನು ರಾಜ್ಯ ಸರಕಾರ ವಹಿಸಿಕೊಂಡಿತು. ಊಟ, ವಸತಿಗಳೂ ಸೇರಿದ ಇಂಥ ಪ್ರವಾಸ ಒಂಟಿಯಾಗಿ ಹೊರಡುವ ಹಿರಿಯರಿಗೆ ಅನುಕೂಲ. ಆಯಾ ವರ್ಷದ ಸಹಾಯಧನ ಎಷ್ಟೆಂಬುದನ್ನು ಮುಜರಾಯಿ ಇಲಾಖೆಯಲ್ಲಿ ವಿಚಾರಿಸಿಕೊಳ್ಳಬೇಕು.

ದಲ್ಲಾಳಿಯ ಮಾತಿಗೆ ಮರುಳಾಗದಿರಿ

‘ಐನೂರು ಹೆಚ್ಚು ಕೊಡಿ, ಖಚಿತವಾದ ಟಿಕೆಟು ತಂದುಕೊಡುತ್ತೇನೆ’ ಎನ್ನುವವರು ಎಲ್ಲ ಪೇಟೆಗಳಲ್ಲೂ ಇದ್ದಾರೆ. ಅಧಿಕಾರವಿಲ್ಲದೆ ಟಿಕೆಟು ವ್ಯಾಪಾರ ಮಾಡುವುದು 1989ರ ರೈಲ್ವೆ ಕಾಯಿದೆಯ 143ನೆಯ ಕಲಮಿನ ಪ್ರಕಾರ ಅಪರಾಧ. ಮೂರು ವರ್ಷಗಳವರೆಗೆ ಸೆರೆಯೂ ಆಗಬಹುದು. ಬೇರೊಬ್ಬರ ಹೆಸರಿನ ಟಿಕೆಟಿನಲ್ಲಿ ಸಿಕ್ಕಿಬಿದ್ದವರನ್ನು ಟಿಕೆಟಿಲ್ಲದವರೆಂದೇ ಎಣಿಸುತ್ತಾರೆ. ಆದರೆ ಮನೆಯೊಳಗೆ ಒಂದು ಧರ್ಮಸಮ್ಮತವಾದ ದಾರಿಯುಂಟು: ಹೊರಡಬೇಕಾದವರು ಕಾಯಿಲೆ ಬಿದ್ದರೆ, ಖಚಿತವಾದ ಟಿಕೆಟನ್ನು ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಪತಿ ಅಥವಾ ಪತ್ನಿಯ ಹೆಸರಿಗೆ, ಗಾಡಿ ಹೊರಡುವ 24 ಗಂಟೆ ಮೊದಲು ಅರ್ಜಿ ಕೊಟ್ಟು, ಒಮ್ಮೆ ಬದಲಿಸಬಹುದು. ಪ್ರಯಾಣವನ್ನೇ ಕೈಬಿಡುವುದಾದರೆ, ಎಷ್ಟು ಬೇಗ ರದ್ದುಪಡಿಸುತ್ತೀರೋ ಅಷ್ಟು ಕಡಿಮೆ ನಷ್ಟ.

ಸಾಮಾನಿಗೂ ಮಿತಿಯುಂಟು: ಸ್ಲೀಪರಿನಲ್ಲಿ ತಲೆಗೆ 40 ಕಿಲೋ, ಸಾಮಾನ್ಯ ಡಬ್ಬಿಯಲ್ಲಿ 35. ಉತ್ತರದಲ್ಲಿರುವ ನೆಂಟರಿಗೆಂದು ಶ್ರೀನಿವಾಸಪುರದ ಮಾವಿನ ಬುಟ್ಟಿಗಳನ್ನು ಹೊರುವವರು ಇದನ್ನು ಮರೆಯಬಾರದು. ಮರಳುವಾಗ ಗಂಗೆಯ ತಂಬಿಗೆಗಳು ಬೇರೆ ಇರುತ್ತವೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಎಲ್ಲರಿಗೂ ಗೊತ್ತು. ರೈಲಿನಲ್ಲಿ ಮೊದಲು ಆ ಹಾಸಿಗೆಯನ್ನು ಗಿಟ್ಟಿಸಿಕೊಳ್ಳಬೇಕು, ಕಾಲು ಚಾಚುವುದು ಆಮೇಲೆ. ರಿಯಾಯಿತಿ ಹೋಯಿತು, ದರ ಏರಿತು ಎಂಬುದೆಲ್ಲ ನಿಜ. ಆದರೂ ನಮ್ಮ ದೇಶದಲ್ಲಿ ಸಾಧಾರಣ ಸಂಸಾರವೊಂದನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮಲಗಿಸಿಕೊಂಡು ಹೋಗಬಲ್ಲ ವಾಹನ ರೈಲೊಂದೇ. ದೇವರ ದರ್ಶನಕ್ಕೆ ಮುಹೂರ್ತ ನೋಡುವ ನಾವು ಟಿಕೆಟಿಗೂ ಮುಹೂರ್ತ ನೋಡೋಣ: ಅರವತ್ತು ದಿನ ಮುಂಚೆ, ಬೆಳಗ್ಗೆ ಎಂಟು ಗಂಟೆ. ಮನೆಯ ಅಜ್ಜಿ ಕೆಳಗಿನ ಹಲಗೆಯ ಮೇಲೆ ಕಾಲು ನೀಡಿ ಮಲಗಿ, ಬೆಳಗಿನ ಜಾವ ಎದ್ದು ಕಿಟಕಿಯಿಂದ ಗಂಗೆಯನ್ನು ಕಂಡು ಕೈಮುಗಿದರೆ, ಆ ಮುಹೂರ್ತ ಒಳ್ಳೆಯದೇ ಆಗಿತ್ತೆಂದು ತಿಳಿಯಬಹುದು.